ಕಮಾಂಡಿನ ಪಕ್ಕ ಕಾರಣವನ್ನೂ ಬರೆಯಿರಿ

ನಮ್ಮ ವಿಕಿಯಲ್ಲಿ ಎಲ್ಲಕ್ಕಿಂತ ಬೇಗ ಹಳಸುವ ಪುಟ ಯಾವುದು ಅಂತ ಕೇಳಿದರೆ ನಾನು ತಡಮಾಡದೆ ಹೇಳುತ್ತೇನೆ: ಕಮಾಂಡುಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆಜ್ಞೆಗಳನ್ನು, ಸಾಲಾಗಿ ಕೊಟ್ಟು, ಯಾಕೆ ಅಂತ ಒಂದು ಮಾತೂ ಹೇಳದ ಪುಟ. ಬರೆದ ದಿನ ಅದು ತುಂಬಾ ಉಪಯೋಗದ್ದೇ. ಕಾಪಿ ಮಾಡಿ, ಟರ್ಮಿನಲ್ಲಿಗೆ ಹಾಕಿ, ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಎರಡು ಮೂರು ವರ್ಷ ಕಳೆದ ಮೇಲೆ ಅದನ್ನು ಸರಿಮಾಡಲು ಕೂತವರಿಗೆ ಮಾತ್ರ ಹಿಡಿದುಕೊಳ್ಳಲು ಒಂದು ಎಳೆಯೂ ಸಿಗುವುದಿಲ್ಲ.

ವಿಕಿ ಅಂದರೆ ದೊಡ್ಡದೇನಲ್ಲ. ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನಲ್ಲಿ ಕನ್ನಡ ಬಳಸುವವರಿಗೆ ಬೇಕಾದದ್ದನ್ನು ಒಂದಷ್ಟು ಜನ ಸೇರಿ ಕನ್ನಡದಲ್ಲೇ ಬರೆದಿಟ್ಟ ಜಾಗ. ಕನ್ನಡ ಟೈಪ್ ಮಾಡುವುದು ಹೇಗೆ, ಫಾಂಟ್ ಹಾಕಿಕೊಳ್ಳುವುದು ಹೇಗೆ, ನುಡಿ ಅನ್ನುವ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡಿಗೆ ತರುವುದು ಹೇಗೆ, ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ತೆಗೆಯುವುದು ಹೇಗೆ, ಇಂಥವು. ಬರೆಯುವವರಲ್ಲಿ ಬೆಂಗಳೂರಿನವರಿದ್ದಾರೆ, ಮೈಸೂರಿನವರಿದ್ದಾರೆ, ಪುಣೆಯವರಿದ್ದಾರೆ. ನಾನು ಡೊಂಬಿವ್ಲಿಯಲ್ಲಿರುವವಳು, ಊರು ಕಾರ್ಕಳದ ಕಡೆ. ಹಗಲು ವಿಕ್ರೋಲಿಯ ಒಂದು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ರಾತ್ರಿ ಊಟ ಆದ ಮೇಲೆ ಒಂದಿಷ್ಟು ಹೊತ್ತು ಈ ಪುಟಗಳು. ಬರೆಯುವುದಕ್ಕಿಂತ ಇರುವುದನ್ನು ಸರಿಯಾಗಿ ಇಡುವುದೇ ನನಗೆ ಜಾಸ್ತಿ ಇಷ್ಟ.

ಮೊದಲು ಪೈಥಾನ್ (ಪ್ರೋಗ್ರಾಮ್ ಬರೆಯುವ ಒಂದು ಭಾಷೆ) ಪುಟದ ವಿಷಯ. ನುಡಿ ಅಕ್ಷರಗಳನ್ನು ಯುನಿಕೋಡಿಗೆ ಬದಲಿಸುವ ಒಂದು ಚಿಕ್ಕ ಪ್ರೋಗ್ರಾಮನ್ನು ಹಾಕಿಕೊಳ್ಳುವುದು ಹೇಗೆ ಅಂತ ಹೇಳುವ ಪುಟ ಅದು. ಮುಂಬಯಿಯ ಕನ್ನಡದವರಿಗೆ ಇದು ತುಂಬಾ ಬೇಕಾದ ಪುಟ. ಇಲ್ಲಿ ಸಂಘಗಳ ಸ್ಮರಣ ಸಂಚಿಕೆ, ಚಿಕ್ಕ ಮಾಸಿಕಗಳು, ನಾಟಕದ ಪ್ರತಿಗಳು ಎಷ್ಟೋ ವರ್ಷ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲೇ ತಯಾರಾಗಿವೆ. ಆ ಹಳೆಯ ಫೈಲು ತೆರೆದಾಗ ಫಾಂಟ್ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಫೈಲಿನಲ್ಲಿ ಇರುವುದು ಕನ್ನಡ ಅಕ್ಷರದ ಸಂಕೇತವೇ ಅಲ್ಲ, ಆ ಒಂದು ಫಾಂಟಿನ ಆಕಾರಗಳ ಸಂಕೇತ. ಹಾಗಾಗಿ ಬದಲಿಸದೆ ಬೇರೆ ದಾರಿಯಿಲ್ಲ.

ಪುಟದಲ್ಲಿ ಮೊದಲು ಇದ್ದದ್ದು ಒಂದೇ ಸಾಲು. ಸುಡೋ ಪಿಪ್ ಇನ್‌ಸ್ಟಾಲ್, ಆಮೇಲೆ ಪ್ರೋಗ್ರಾಮಿನ ಹೆಸರು. ಸುಡೋ ಅಂದರೆ ಇಡೀ ಯಂತ್ರದ ಮೇಲಿನ ಅಧಿಕಾರದಿಂದ ಓಡಿಸು ಅಂತ, ಪಿಪ್ ಅಂದರೆ ಪೈಥಾನ್ ಪ್ರೋಗ್ರಾಮುಗಳನ್ನು ತಂದು ಹಾಕುವ ಉಪಕರಣ. 2023ರ ಜೂನ್‌ನಲ್ಲಿ ಡೆಬಿಯನ್ ಅನ್ನುವ ಲಿನಕ್ಸ್‌ನ ಹೊಸ ಆವೃತ್ತಿ, ಡೆಬಿಯನ್ 12 ಬಂತು. ಆಮೇಲೆ ಆ ಸಾಲು ಓಡಿಸಿದವರಿಗೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಒಂದು ದೋಷ ಸಂದೇಶ ಬರತೊಡಗಿತು. ಸಂದೇಶದ ಕೊನೆಯಲ್ಲಿ, ಹಾಗೂ ಮಾಡಲೇಬೇಕು ಅಂತಿದ್ದರೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' (ವ್ಯವಸ್ಥೆಯ ಪ್ಯಾಕೇಜು ಕೆಟ್ಟರೂ ಸರಿ) ಅನ್ನುವ ಆಯ್ಕೆ ಸೇರಿಸಬಹುದು ಅಂತಲೂ ಇತ್ತು. ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ನಮ್ಮ ಪುಟಕ್ಕೆ ಬಂದು, ಹಳೆಯ ಸಾಲಿನ ಕೊನೆಗೆ ಆ ಆಯ್ಕೆಯನ್ನು ಸೇರಿಸಿ ಹೋದರು. ಕಮಾಂಡ್ ಮತ್ತೆ ಓಡಿತು. ಪುಟ ಸರಿಹೋಯಿತು ಅಂತ ಎಲ್ಲರಿಗೂ ಅನಿಸಿತು.

ಅವರನ್ನು ನಾನು ದೂರುವುದಿಲ್ಲ. ಪುಟದಲ್ಲಿ ಯಾಕೆ ಅಂತ ಬರೆದಿದ್ದರೆ ತಾನೇ ಅವರಿಗೆ ಗೊತ್ತಾಗುವುದು? ಡೆಬಿಯನ್‌ನಲ್ಲಿ ವ್ಯವಸ್ಥೆಯ ಎಷ್ಟೋ ಉಪಕರಣಗಳು ಅದೇ ಪೈಥಾನ್ ಮೇಲೆ ನಿಂತಿವೆ. ಅವುಗಳಿಗೆ ಬೇಕಾದ ಲೈಬ್ರರಿಗಳನ್ನು (ಸಿದ್ಧ ಪ್ರೋಗ್ರಾಮ್ ತುಣುಕುಗಳನ್ನು) ನೋಡಿಕೊಳ್ಳುವುದು ಡೆಬಿಯನ್‌ನದೇ ಪ್ಯಾಕೇಜ್ ಉಪಕರಣ ಆಪ್ಟ್. ಮಧ್ಯೆ ಪಿಪ್ ಬಂದು ಅದೇ ಹೆಸರಿನ ಬೇರೆ ಆವೃತ್ತಿ ತಂದು ಹಾಕಿದರೆ ಇಬ್ಬರಿಗೂ ಹೊಂದಾಣಿಕೆ ತಪ್ಪುತ್ತದೆ. ಅದನ್ನು ತಡೆಯಲೆಂದೇ ಹೊಸ ನಿಯಮ ಬಂದದ್ದು. ಪೈಥಾನ್‌ನವರು ಅದನ್ನು ಪೆಪ್ 668 ಅನ್ನುವ ಪ್ರಸ್ತಾವದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಓದುಗರಿಗೆ ಬೇಕಿದ್ದದ್ದು ತಮ್ಮ ಮಟ್ಟಿಗೆ ಓಡುವ ಒಂದು ಪ್ರೋಗ್ರಾಮ್, ಅಷ್ಟೇ. ಅದಕ್ಕೆ ಇಡೀ ವ್ಯವಸ್ಥೆಯ ಪೈಥಾನನ್ನು ಮುಟ್ಟುವ ಅಗತ್ಯವೇ ಇಲ್ಲ. ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಹಾಕಿಕೊಡುವ ಪಿಪ್‌ಎಕ್ಸ್ ಸಾಕು, ಇಲ್ಲವೇ ಒಂದು ವೆನ್ವ್ (ಬೇರೆಯಾದ ಪೈಥಾನ್ ಜಾಗ) ಮಾಡಿಕೊಂಡರಾಯಿತು.

ಈಗ ಆ ಪುಟದಲ್ಲಿ ಕಮಾಂಡಿಗೆ ಮೊದಲು ಹೀಗಿದೆ: "ಈ ಪ್ರೋಗ್ರಾಮ್ ನಿಮಗೊಬ್ಬರಿಗೆ ಸಾಕು. ವ್ಯವಸ್ಥೆಯ ಪೈಥಾನಿಗೆ ಏನನ್ನೂ ಸೇರಿಸದೆ, ನಿಮ್ಮ ಹೋಮ್ ಫೋಲ್ಡರಿನೊಳಗೆ ಪ್ರತ್ಯೇಕವಾಗಿ ಹಾಕಿಕೊಳ್ಳುತ್ತಿದ್ದೇವೆ. ಸುಡೋ ಬೇಕಾಗಿಲ್ಲ. ಎಲ್ಲಾದರೂ ಸುಡೋ ಕೇಳಿದರೆ ಏನೋ ತಪ್ಪಿದೆ, ಅಲ್ಲೇ ನಿಲ್ಲಿಸಿ." ನಾಳೆ ಪಿಪ್‌ಎಕ್ಸ್ ಹೋಗಿ ಇನ್ನೊಂದು ಬಂದರೂ ಈ ನಾಲ್ಕು ಮಾತು ಸುಳ್ಳಾಗುವುದಿಲ್ಲ. ಮುಂದೆ ತಿದ್ದುವವರು ಇವನ್ನು ಓದಿ, ಇದೇ ಉದ್ದೇಶಕ್ಕೆ ಆವತ್ತಿನ ಸರಿಯಾದ ಕಮಾಂಡ್ ಯಾವುದು ಅಂತ ಹುಡುಕಿಕೊಳ್ಳಬಹುದು.

ಇದೇ ಮಾತಿಗೆ ಇನ್ನೊಂದು ಉದಾಹರಣೆ ಆಪ್ಟ್-ಕೀ. ಹೊರಗಿನವರ ರೆಪೊಸಿಟರಿ (ಪ್ರೋಗ್ರಾಮುಗಳ ಭಂಡಾರ) ಸೇರಿಸುವಾಗ ಅವರ ಸಹಿಯ ಕೀ ತಂದು ಹಾಕಿಕೊಳ್ಳಬೇಕಲ್ಲ, ಆ ಕೆಲಸಕ್ಕೆ ಎಲ್ಲ ಹಳೆಯ ಪುಟಗಳಲ್ಲೂ ಇದ್ದದ್ದು ಆಪ್ಟ್-ಕೀ. ಅದರ ತೊಂದರೆ ಏನೆಂದರೆ, ಹಾಗೆ ಹಾಕಿದ ಕೀಯನ್ನು ವ್ಯವಸ್ಥೆ ಆ ಒಂದು ರೆಪೊಸಿಟರಿಗೆ ಮಾತ್ರವಲ್ಲ, ಎಲ್ಲದಕ್ಕೂ ನಂಬುತ್ತದೆ. ನಿಮ್ಮ ಫ್ಲ್ಯಾಟಿಗೆ ಪ್ಲಂಬರ್ ಬರುತ್ತಾನೆ ಅಂತ ಇಡೀ ಬಿಲ್ಡಿಂಗಿನ ಕೀಲಿಗೊಂಚಲನ್ನು ಅವನ ಕೈಗೆ ಕೊಟ್ಟ ಹಾಗೆ. ಈಗ 'ಸೈನ್ಡ್-ಬೈ' ಅಂತ ಬರೆದು ಯಾವ ರೆಪೊಸಿಟರಿಗೆ ಯಾವ ಕೀ ಅಂತ ಕಟ್ಟಿಹಾಕುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಆಪ್ಟ್-ಕೀ ಇಲ್ಲವೇ ಇಲ್ಲ. ನಮ್ಮ ಪುಟದಲ್ಲಿ ಮೊದಲೇ ಯಾರೋ, "ಪ್ಯಾಕೇಜು ನಿಜಕ್ಕೂ ಅವರಿಂದಲೇ ಬಂದದ್ದು ಅಂತ ಖಾತ್ರಿಮಾಡಿಕೊಳ್ಳಲು ಈ ಕೀ" ಅಂತ ಒಂದು ಸಾಲು ಬರೆದಿದ್ದರು. ಪುಣೆಯ ಒಬ್ಬ ಹುಡುಗಿ, ಇನ್ನೂ ಕಾಲೇಜಿನಲ್ಲಿ ಓದುತ್ತಿರುವವಳು, ಆ ಸಾಲು ಹಿಡಿದುಕೊಂಡೇ ಹೊಸ ವಿಧಾನವನ್ನು ತಾನೇ ಹುಡುಕಿ, ಓಡಿಸಿ ನೋಡಿ, ಪುಟವನ್ನು ತಿದ್ದಿದಳು. ಯಾರನ್ನೂ ಕೇಳಬೇಕಾಗಲಿಲ್ಲ.

ಇನ್ನು ದಿನಾಂಕದ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ವಿಕಿ ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಬಹಳ ಕಾಲದಿಂದ ಯಾರೂ ಮುಟ್ಟದ ಪುಟಗಳ ಪಟ್ಟಿ ತಾನಾಗಿಯೇ ಸಿಗುತ್ತದೆ. ಹಳೆಯ ಪುಟ ಹುಡುಕಲು ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಆ ಪಟ್ಟಿ ನೋಡುವುದು ಕೊನೆಯ ತಿದ್ದುಪಡಿಯ ದಿನವನ್ನು ಮಾತ್ರ. ನಿನ್ನೆ ಯಾರೋ ಬಂದು ಒಂದು ಕಾಗುಣಿತ ಸರಿಮಾಡಿದರೆ ಪುಟ ಪಟ್ಟಿಯಿಂದ ಕೆಳಗೆ ಹೋಗಿಬಿಡುತ್ತದೆ. ಒಳಗಿನ ಕಮಾಂಡ್ ಐದು ವರ್ಷ ಹಿಂದಿನದೇ ಇರಬಹುದು. ಓದುಗರೂ ಪುಟದ ಕೆಳಗಿನ ತಾರೀಖು ನೋಡಿ, ಓಹೋ ಹೊಸದು ಅಂತ ನಂಬುತ್ತಾರೆ. ಅದಕ್ಕೇ ನಾವು ಪ್ರತಿ ಪುಟದ ತಲೆಯಲ್ಲಿ ಬೇರೆಯೇ ಒಂದು ಸಾಲು ಇಡುತ್ತೇವೆ: ಯಾವ ಆವೃತ್ತಿಯಲ್ಲಿ, ಯಾವ ಡೆಸ್ಕ್‌ಟಾಪಿನಲ್ಲಿ (ಗ್ನೋಮ್, ಕೆಡಿಇ ಥರದ ಪರದೆಯ ವ್ಯವಸ್ಥೆ), ಯಾವ ತಿಂಗಳು ಮೊದಲಿಂದ ಕೊನೆವರೆಗೆ ಮಾಡಿ ನೋಡಿದ್ದು. ಡೆಬಿಯನ್ 12, ಗ್ನೋಮ್ 43 ಅಂತ ಅಲ್ಲಿದ್ದು, ನಿಮ್ಮಲ್ಲಿರುವುದು ಡೆಬಿಯನ್ 13, ಗ್ನೋಮ್ 48 ಆಗಿದ್ದರೆ ಎಲ್ಲಿ ಹುಷಾರಾಗಿರಬೇಕು ಅಂತ ನಿಮಗೇ ತಿಳಿಯುತ್ತದೆ. ಕಾಗುಣಿತ ತಿದ್ದಿದವರು ಆ ಸಾಲನ್ನು ಮುಟ್ಟುವ ಹಾಗಿಲ್ಲ.

ಆರ್ಚ್ ಲಿನಕ್ಸ್‌ನವರ ಆರ್ಚ್‌ವಿಕಿಯಿಂದಲೂ ಒಂದು ಅಭ್ಯಾಸ ಕಲಿತಿದ್ದೇವೆ. ಅಲ್ಲಿ 'ಔಟ್ ಆಫ್ ಡೇಟ್' ಅನ್ನುವ ಒಂದು ಟೆಂಪ್ಲೇಟ್ ಇದೆ. ಹಳೆಯದಾಗಿದೆ ಅಂತ ಆ ಸಿದ್ಧ ಚೀಟಿ ಅಂಟಿಸುವಾಗ ಏನು ಹಳೆಯದಾಗಿದೆ ಅಂತಲೂ ಅದರಲ್ಲೇ ಬರೆಯುತ್ತಾರೆ, ಪಕ್ಕದಲ್ಲಿ ಚರ್ಚೆಗೆ ಕೊಂಡಿಯೂ ಇರುತ್ತದೆ. ಸುಮ್ನೆ 'ಈ ಪುಟ ಹಳೆಯದು' ಅಂತ ಬಿಟ್ಟುಹೋದರೆ ಓದುಗರಿಗೆ ಭಯ ಹುಟ್ಟುತ್ತದೆ ಹೊರತು ಬೇರೇನೂ ಸಿಗುವುದಿಲ್ಲ.

ಕಳೆದ ವರ್ಷ ಅಕ್ಟೋಬರ್ ಆದ ಮೇಲೆ ನಮ್ಮ ಕಡೆಗೆ ಹೊಸಬರು ಬರುವುದು ಹೆಚ್ಚಾಯಿತು. ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಎಷ್ಟೋ ಹಳೆಯ ಲ್ಯಾಪ್‌ಟಾಪುಗಳು ವಿಂಡೋಸ್ 11ಕ್ಕೆ ನಡೆಯುವುದಿಲ್ಲ. ಹಾಗೆ ಬಂದವರಲ್ಲಿ ನಮ್ಮ ಬಿಲ್ಡಿಂಗಿನ ಹತ್ತಿರವೇ ಇರುವ ಒಬ್ಬ ಮಾಷ್ಟ್ರು. ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಬಹಳ ವರ್ಷ ಕಲಿಸಿದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕ್ಲಾಸಿಗೆ ಬರುತ್ತಿದ್ದ ಹುಡುಗರ ನೆನಪುಗಳನ್ನು ಬರೆಯುತ್ತಿದ್ದಾರೆ. ನುಡಿಯಲ್ಲಿ ಟೈಪ್ ಮಾಡಿ ಅವರ ಬೆರಳಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೂತುಬಿಟ್ಟಿದೆ. ಎಫ್ ಒತ್ತಿ ಒತ್ತಕ್ಷರ ಮಾಡುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಅಂದಹಾಗೆ ಕೆ.ಪಿ. ರಾಯರೂ ಕರಾವಳಿಯಿಂದ ಬಂದು ಮುಂಬಯಿಯಲ್ಲಿ ಕೆಲಸ ಮಾಡಿದವರೇ. ಇದನ್ನು ಹೇಳುವಾಗ ಮಾಷ್ಟ್ರ ಮುಖ ಅರಳುತ್ತದೆ.

ಮೊಮ್ಮಗ ಲ್ಯಾಪ್‌ಟಾಪಿಗೆ ಡೆಬಿಯನ್ 13 ಹಾಕಿಕೊಟ್ಟು ಪುಣೆಗೆ ಹೋಗಿದ್ದ. ಕನ್ನಡ ಬರುವಂತೆ ಮಾಡುವುದು ಮಾಷ್ಟ್ರಿಗೆ ಬಿಟ್ಟದ್ದು. ಅಲ್ಲಿ ಬೇರೆ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಪ್ರೋಗ್ರಾಮಿನ ಹೆಸರು ಐಬಸ್. ಅವರು ನಮ್ಮ ವಿಕಿಯ ಕನ್ನಡ ಟೈಪಿಂಗ್ ಪುಟವನ್ನು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಹಾಗೆ ಹೀಗೆ ಮಾಡಿ ನೋಡಿ, ಆಗದೆ ನನ್ನನ್ನು ಕರೆದರು.

"ಇಲ್ಲಿ ಐಬಸ್ ಸೆಟಪ್ ತೆರೆದು ಕನ್ನಡ ಸೇರಿಸಿ ಅಂತ ಉಂಟು. ಸೇರಿಸಿದೆ. ಮೇಲೆ ಎಂತದೂ ಬರುವುದಿಲ್ಲವಲ್ಲ ಮಾರಾಯ್ತಿ!"

"ಮಾಷ್ಟ್ರೆ, ಒಮ್ಮೆ ಮೊದಲಿಂದ ನೀವೇ ಮಾಡಿ. ನಾನು ಸುಮ್ನೆ ನೋಡುತ್ತೇನೆ" ಅಂದೆ.

ಕೈ ಕಟ್ಟಿ ಕೂತೆ. ಅವರು ಒಂದೊಂದೇ ಸಾಲನ್ನು ಜೋರಾಗಿ ಓದುತ್ತಾ ಹೋದರು. ಆಗ ನೋಡಿದೆ, ಪ್ರಿಂಟಿನ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ 'ಯಾಕೆ?' ಅಂತ ಬರೆದಿದ್ದರು. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ಬಂದ ಕೈ, ಅಕ್ಷರ ಅಷ್ಟು ಚೊಕ್ಕ. 'ಲಾಗ್ ಔಟ್ ಆಗಿ ಮತ್ತೆ ಲಾಗ್ ಇನ್ ಆಗಿ' ಅನ್ನುವಲ್ಲಿ ಒಂದು 'ಯಾಕೆ?'. 'ಐಬಸ್ ಸೆಟಪ್' ಅನ್ನುವಲ್ಲಿ ಒಂದು. ಎಂ17ಎನ್ ಪ್ಯಾಕೇಜಿನ ಹೆಸರಿನ ಪಕ್ಕ ಒಂದು, ಅದಕ್ಕೆ ಎರಡು ಗೆರೆ ಬೇರೆ.

ಅವರು ಎಡವಿದ್ದೂ ಅಲ್ಲೇ. ಗ್ನೋಮ್‌ನಲ್ಲಿ ಭಾಷೆಗಳ ಪಟ್ಟಿಯನ್ನು ನೋಡಿಕೊಳ್ಳುವುದು ಗ್ನೋಮ್‌ನದೇ ಸೆಟ್ಟಿಂಗ್ಸ್. ಅಲ್ಲಿ ಕೀಬೋರ್ಡ್ ಅನ್ನುವಲ್ಲಿಗೆ ಹೋಗಿ, ಇನ್‌ಪುಟ್ ಸೋರ್ಸಸ್ ಕೆಳಗೆ ಕೂಡಿಸುವ ಗುರುತು ಒತ್ತಿ, ಕನ್ನಡ ಹುಡುಕಿ, ಕೆಜಿಪಿ (ಕೆ.ಪಿ. ರಾಯರ ವಿನ್ಯಾಸಕ್ಕೆ ಅಲ್ಲಿರುವ ಹೆಸರು) ಆರಿಸಬೇಕು. ಐಬಸ್‌ನ ಕಿಟಕಿಯಲ್ಲಿ ಸೇರಿಸಿದ್ದನ್ನು ಗ್ನೋಮ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಐಬಸ್‌ಗೆ ಕನ್ನಡದ ಈ ವಿನ್ಯಾಸಗಳು ಸಿಗುವುದು ಎಂ17ಎನ್ ಪ್ಯಾಕೇಜಿನಿಂದ. ಅದನ್ನು ಹಾಕದಿದ್ದರೆ ಪಟ್ಟಿಯಲ್ಲಿ ಕೆಜಿಪಿ ಕಾಣುವುದೇ ಇಲ್ಲ. ಹಾಕಿದ ಮೇಲೂ ಓಡುತ್ತಿರುವ ಐಬಸ್‌ಗೆ ಅದರ ಸುದ್ದಿ ಗೊತ್ತಿರುವುದಿಲ್ಲ. ಲಾಗ್ ಔಟ್ ಆಗಿ ಬಂದರೆ ಐಬಸ್ ಹೊಸದಾಗಿ ಶುರುವಾಗಿ ಪಟ್ಟಿ ಓದಿಕೊಳ್ಳುತ್ತದೆ. ಮಾಷ್ಟ್ರು ಆ ಸಾಲನ್ನು ಬಿಟ್ಟು ಮುಂದೆ ಹೋಗಿದ್ದರು. ಕಾರಣ ಗೊತ್ತಿಲ್ಲದ ಹೆಜ್ಜೆಯನ್ನು ಯಾರಾದರೂ ಬಿಡುತ್ತಾರೆ, ಅದು ಸಹಜ.

ಆ ಪ್ರಿಂಟನ್ನು ನಾನು ಕೇಳಿ ತೆಗೆದುಕೊಂಡೆ. ಪುಟವನ್ನು ಹೊಸದಾಗಿ ಬರೆಯುವಾಗ ಪಕ್ಕದಲ್ಲಿ ಅದೇ ಇತ್ತು. ಪ್ರತಿ 'ಯಾಕೆ?'ಗೆ ಒಂದು ಉತ್ತರ, ಎರಡು ಸಾಲಿಗೆ ಮೀರದಂತೆ. ಬರೆದು ಮುಗಿಸಿ ಮಾಷ್ಟ್ರಿಗೆ ಕಳಿಸಿದೆ. ಅವರು ಅದನ್ನೂ ಪ್ರಿಂಟ್ ತೆಗೆಸಿ ಓದಿ, 'ಸೆಷನ್' ಅಂದರೇನು ಅಂತ ಇನ್ನೊಂದು ಪ್ರಶ್ನೆ ಕಳಿಸಿದರು. ಅದನ್ನೂ ಸೇರಿಸಿದೆ. ಈಗ ಯಾವುದೇ ಪುಟ ಹೊಸದಾಗಿ ಬರೆದರೂ, ಆ ವಿಷಯ ಗೊತ್ತಿಲ್ಲದ ಒಬ್ಬರು ಅದನ್ನು ಓದುತ್ತಾ ಕೆಲಸ ಮಾಡುವುದನ್ನು ನಾವು ಬಾಯಿಬಿಡದೆ ನೋಡಬೇಕು ಅಂತ ಗುಂಪಿನಲ್ಲಿ ಮಾತಾಗಿದೆ. ಎಲ್ಲ ಪುಟಕ್ಕೂ ಆಗುವುದಿಲ್ಲ, ನಿಜ. ಟೈಪಿಂಗ್, ಫಾಂಟ್, ವೈಫೈ, ಈ ಮೂರಕ್ಕಾದರೂ ಮಾಡಲೇಬೇಕು. ಹೊಸಬರು ಮೊದಲ ದಿನ ಬರುವುದೇ ಈ ಪುಟಗಳಿಗೆ.

ಕನ್ನಡದ ವಿಕಿಗೇ ಇರುವ ಒಂದು ತೊಡಕನ್ನೂ ಹೇಳಬೇಕು. ಯುನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಝೀರೋ ವಿಡ್ತ್ ನಾನ್ ಜಾಯಿನರ್. ಅದು ನಮಗೆ ಬೇಕೇ ಬೇಕು. ಅದು ಇದ್ದರೆ 'ಸಾಫ್ಟ್‌ವೇರ್', ಇಲ್ಲದಿದ್ದರೆ ವಕಾರ ಒತ್ತಾಗಿ ಕೆಳಗಿಳಿದು 'ಸಾಫ್ಟ್ವೇರ್'. ತೊಂದರೆ ಬರುವುದು ಪದದ ಕೊನೆಯಲ್ಲಿ. ಕೆಲವು ಟೈಪಿಂಗ್ ವಿಧಾನಗಳು 'ಫಾಂಟ್' ಅಂತ ಬರೆದಾಗ ಕೊನೆಯ ಅರ್ಧಾಕ್ಷರ ಆದ ಮೇಲೆ ಇದನ್ನು ತಾವಾಗಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ನಮ್ಮ ವಿಕಿಯಲ್ಲಿ 'ಕನ್ನಡ ಫಾಂಟ್' ಅಂತ ಎರಡು ಪುಟಗಳಿದ್ದವು! ಒಂದರಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೋ ಎಲ್ಲದರ ಈಗಿನ ಪ್ಯಾಕೇಜ್ ಹೆಸರುಗಳು. ಇನ್ನೊಂದರಲ್ಲಿ ಟಿಟಿಎಫ್-ಇಂಡಿಕ್-ಫಾಂಟ್ಸ್ ಅಂತ ಎಂದೋ ಬದಲಾಗಿ ಹೋದ ಹಳೆಯ ಹೆಸರು. ಒಬ್ಬರು ಒಂದನ್ನು ತಿದ್ದುತ್ತಿದ್ದರು, ಓದುಗರು ಇನ್ನೊಂದಕ್ಕೆ ಹೋಗುತ್ತಿದ್ದರು. ತಿದ್ದಿದ್ದು ಯಾಕೆ ಕಾಣುತ್ತಿಲ್ಲ ಅಂತ ಚರ್ಚೆ ಪುಟದಲ್ಲಿ ಮಾತೋ ಮಾತು. ಕೊನೆಗೆ ಶೀರ್ಷಿಕೆಯ ವಿಳಾಸವನ್ನು ಸಂಕೇತಗಳಲ್ಲಿ ಬಿಡಿಸಿ ನೋಡಿದಾಗ ಗುಟ್ಟು ಹೊರಬಿತ್ತು. ಈಗ ಹಳೆಯದನ್ನು ಹೊಸದಕ್ಕೆ ರೀಡೈರೆಕ್ಟ್ ಮಾಡಿದ್ದೇವೆ. ಹೊಸ ಪುಟ ಮಾಡುವಾಗ ಶೀರ್ಷಿಕೆಯ ಕೊನೆಯಲ್ಲಿ ಈ ಅಕ್ಷರ ಇರಬಾರದು ಅಂತ ನಿಯಮ. ನೀವು ಕನ್ನಡ ವಿಕಿ ಯಾವುದನ್ನೇ ನೋಡಿಕೊಳ್ಳುತ್ತಿದ್ದರೂ ಇದನ್ನೊಮ್ಮೆ ಪರೀಕ್ಷಿಸಿ.

ಅನುವಾದದ ಪುಟಗಳದು ಬೇರೆ ಸಂಕಟ. ಇಂಗ್ಲಿಷ್ ಮೂಲ ಬದಲಾಗುತ್ತದೆ, ಕನ್ನಡ ಅಲ್ಲೇ ನಿಲ್ಲುತ್ತದೆ. ಡೆಬಿಯನ್ ಹಾಕಿಕೊಳ್ಳುವ ಪುಟದಲ್ಲಿ ವೈಫೈ ಫರ್ಮ್‌ವೇರನ್ನು (ವೈಫೈ ಭಾಗ ಕೆಲಸ ಮಾಡಲು ಬೇಕಾದ ತಂತ್ರಾಂಶವನ್ನು) ಬೇರೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ ಅಂತ ಉದ್ದದ ಒಂದು ಭಾಗವಿತ್ತು. ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಆ ಫರ್ಮ್‌ವೇರ್ ಸೇರಿಸಿದ್ದಾರೆ. ಹಾಗಾಗಿ ಆ ಭಾಗ ಓದಿದವರು ಬೇಡದ ಕೆಲಸಕ್ಕೆ ಒಂದು ಸಂಜೆ ಕಳೆಯುತ್ತಿದ್ದರು. ಮೀಡಿಯಾವಿಕಿಯ ಟ್ರಾನ್ಸ್‌ಲೇಟ್ ವಿಸ್ತರಣೆ ಇದಕ್ಕೆ ಒಳ್ಳೆಯ ಮದ್ದು. ಪುಟವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಇಡುತ್ತದೆ. ಮೂಲದಲ್ಲಿ ಒಂದು ತುಂಡು ಬದಲಾದರೆ ಅದರ ಅನುವಾದ ಹಳೆಯದಾಗಿದೆ ಅಂತ ಗುರುತು ಹಾಕಿ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಇಡೀ ಪುಟದ ಮೇಲೆ ಅನುಮಾನ ಪಡಬೇಕಾಗಿಲ್ಲ, ಆ ತುಂಡಿನ ಮೇಲೆ ಮಾತ್ರ. ನಾವು ಅನುವಾದದ ಪುಟಗಳನ್ನು ಒಂದೊಂದಾಗಿ ಅದಕ್ಕೆ ತರುತ್ತಿದ್ದೇವೆ.

ಪುಟದೊಳಗಿನ ಹಳೆಯ ಭಾಗಗಳನ್ನು ಅಳಿಸುವ ಬಗ್ಗೆ ಗುಂಪಿನಲ್ಲಿ ಇನ್ನೂ ಒಮ್ಮತ ಇಲ್ಲ. ಯಾರೋ ಕಷ್ಟಪಟ್ಟು ಬರೆದದ್ದು, ಇರಲಿ ಬಿಡಿ ಅನ್ನುವವರಿದ್ದಾರೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ವಿಕಿಯಲ್ಲಿ ಅಳಿಸಿದ್ದು ಎಲ್ಲೂ ಹೋಗುವುದಿಲ್ಲ. ಹಿಸ್ಟರಿಯಲ್ಲಿ ಪ್ರತಿ ಅಕ್ಷರ ಇರುತ್ತದೆ, ಬರೆದವರ ಹೆಸರೂ ಇರುತ್ತದೆ. ಓದಲು ಬಂದವರ ಕಣ್ಣೆದುರು ಹತ್ತು ವರ್ಷ ಹಿಂದಿನ ಆವೃತ್ತಿಯ ಸೂಚನೆ ಇಟ್ಟರೆ ಬರೆದವರಿಗೂ ಗೌರವ ಆಗುವುದಿಲ್ಲ. ಹಳೆಯ ಆವೃತ್ತಿಯನ್ನೇ ಇನ್ನೂ ಓಡಿಸುತ್ತಿರುವ ಶಾಲೆ, ಸಂಘಗಳಿದ್ದರೆ ಅವರಿಗೆ ಪುಟದ ಹಳೆಯ ರೂಪಕ್ಕೆ ಒಂದು ಸ್ಥಿರ ಕೊಂಡಿ ಕೊಟ್ಟರಾಯಿತು. ಸ್ಕ್ರೀನ್‌ಶಾಟುಗಳನ್ನಂತೂ ನಾನು ಕಂಡಲ್ಲೆಲ್ಲ ಕಡಿಮೆ ಮಾಡುತ್ತೇನೆ. ಒಂದು ಬಟನ್ ಜಾಗ ಬದಲಿಸಿದರೆ ಚಿತ್ರ ಪೂರ್ತಿ ಸುಳ್ಳಾಗುತ್ತದೆ. ಮಾತಿನಲ್ಲಿ ಬರೆದದ್ದಾದರೆ ಒಂದು ಪದ ತಿದ್ದಿದರೆ ಸಾಕು.

ಈಗ ಕೈಯಲ್ಲಿರುವುದು ಕೆಡಿಇ ಬಳಸುವವರ ಪುಟ. ಕೆಡಿಇಯ ಡೆಸ್ಕ್‌ಟಾಪ್ ಪ್ಲಾಸ್ಮಾ 6ರಲ್ಲಿ, ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡೇ ಮೊದಲ ಆಯ್ಕೆ. ಅಲ್ಲಿ ಐಬಸ್ ನಡೆಯಬೇಕಾದರೆ ಸಿಸ್ಟಮ್ ಸೆಟ್ಟಿಂಗ್ಸಿನಲ್ಲಿ ವರ್ಚುವಲ್ ಕೀಬೋರ್ಡ್ ಅನ್ನುವಲ್ಲಿ ಅದನ್ನು ಆರಿಸಬೇಕು. ನಿಜವಾದ ಕೀಬೋರ್ಡ್ ಇರುವಾಗ ವರ್ಚುವಲ್ ಅನ್ನುವಲ್ಲಿಗೆ ಯಾಕೆ ಹೋಗಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ವೇಲ್ಯಾಂಡ್‌ನಲ್ಲಿ ಟೈಪಿಂಗ್ ವಿಧಾನಗಳು ಮಾತಾಡುವುದು ಕಿಟಕಿಗಳನ್ನು ನೋಡಿಕೊಳ್ಳುವ ಕೆವಿನ್ ಮೂಲಕ. ಪರದೆಯ ಮೇಲಿನ ಕೀಬೋರ್ಡೂ ಐಬಸ್ಸೂ ಆ ಒಂದೇ ದಾರಿಯಲ್ಲಿ ಬರುವುದರಿಂದ ಎರಡಕ್ಕೂ ಜಾಗ ಒಂದೇ. ಇಷ್ಟನ್ನು ಬರೆದಾಗಿದೆ. ನನ್ನಲ್ಲಿ ಕೆಡಿಇ ಯಂತ್ರ ಇಲ್ಲದ ಕಾರಣ 'ಮಾಡಿ ನೋಡಿದ್ದು' ಅನ್ನುವ ಸಾಲು ಖಾಲಿಯಿದೆ. ಡೆಬಿಯನ್ 13, ಪ್ಲಾಸ್ಮಾ ಇರುವವರು ಪುಟ ನೋಡಿಕೊಂಡು ಕೆಜಿಪಿ ಹಾಕಿ, ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಎರಡರಲ್ಲೂ ಒಂದೊಂದು ವಾಕ್ಯ ಟೈಪ್ ಮಾಡಿ ನೋಡಿ. ಬಂದರೆ ಆ ಸಾಲು ತುಂಬಿಸಿ. ಬರದಿದ್ದರೆ ಯಾವ ಹೆಜ್ಜೆಯಲ್ಲಿ ನಿಂತಿತು, ಪರದೆಯ ಮೇಲೆ ಏನು ಬಂತು ಅಂತ ಇದ್ದದ್ದು ಇದ್ದ ಹಾಗೇ ಚರ್ಚೆ ಪುಟದಲ್ಲಿ ಹಾಕಿ, ನಾನು ನೋಡುತ್ತೇನೆ.